ಟಿಂಗು ಕಿರೀಟ ಇಳಿಸಿದ್ದು

ಮಳೆ ನಿಂತಿದೆ, ನಿಂತದ್ದು ಬಸ್ಸಿಗೆ ಇನ್ನೂ ಗೊತ್ತಾಗಿಲ್ಲ, ಛಾವಣಿಯ ಅಂಚಿನಿಂದ ಹನಿಗಳು ಒಂದರ ಹಿಂದೊಂದು ಇಳಿದು ಕಿಟಕಿಯ ಸರಳಿನ ಮೇಲೆ ಕೂತು, ಕೂತಲ್ಲೇ ಒಂದಿಷ್ಟು ನಡುಗಿ, ಆಮೇಲೆ ಕೈಬಿಟ್ಟು ಬೀಳುತ್ತವೆ, ಬೆಳಗಿನ ಜಾವ ಶುರುವಾದ ಮಿರಗ ನಕ್ಷತ್ರದ ಮೊದಲ ಮಳೆ, ಎರಡು ತಿಂಗಳಿಂದ ಕಾದ ಹಂಚಾಗಿದ್ದ ಹೈದರಾಬಾದಿನ ಮೆಹದಿಪಟ್ಟಣಂ ಈಗ ಒಲೆಯಿಂದ ಕೆಳಗಿಟ್ಟ ಹಂಚಿನ ಹಾಗೆ ಸಣ್ಣಗೆ ಹೊಗೆಯಾಡುತ್ತ ತಣ್ಣಗಾಗುತ್ತಿದೆ, ನೇತ್ರಾ ಮೂಗಿನ ತುಂಬ ಮಣ್ಣಿನ ವಾಸನೆ ಎಳೆದುಕೊಂಡಳು, ಶಿವನೇ, ಈ ಊರಿನ ಡಾಂಬರಿನ ಕೆಳಗೂ ಮಣ್ಣು ಇಟ್ಟಿದ್ದೀಯಲ್ಲ — ಆಗೇ ಬಢೋ ಅಮ್ಮಾ, ಜರಗಂಡಿ ಜರಗಂಡಿ, ಮುಂದೆ ಸರಿಯಿರಿ ಎನ್ನುವ ಕಂಡಕ್ಟರನ ಕೂಗಿನಲ್ಲೂ ಎಂದಿನ ಸಿಟ್ಟಿಲ್ಲ, ಮಳೆ ಅವನ ಗಂಟಲನ್ನೂ ತೊಳೆದಿದೆ, ಅವಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿದೆ, ಅಪ್ಪ ರಾತ್ರಿ ಚೆನ್ನಾಗಿ ಮಲಗಿದ್ದಾನೆ, ಹೇಳಬೇಕಾದ ಮಾತು ಬೆಳಿಗ್ಗೆ ಚಹದ ಹೊತ್ತಿಗೇ ಅವನಿಗೆ ಹೇಳಿಯಾಗಿದೆ, ಹೇಳುವವರೆಗೆ ಎದೆಯಲ್ಲಿ ಕಲ್ಲಾಗಿದ್ದದ್ದು ಹೇಳಿದ ಮೇಲೆ ಬರೀ ಮಾತಾಗಿ ಚಹದ ಹೊಗೆಯ ಜೊತೆ ಹೋಯಿತು. ಅಪ್ಪಾ, ಟಿಂಗು ಕಿರೀಟ ಇಳಸೂದನ್ನ ಆಟದಾಗಿಂದ ತಗದುಬಿಟ್ಟಾರ, ನಿನ್ನೆ ಸಂಜೀಕ. ಅಪ್ಪ ಬಂಡೆಪ್ಪ ಚಹವನ್ನು ಬಸಿಗೆ ಸುರಿಯುತ್ತಿದ್ದವನು ಸುರಿಯುವುದನ್ನು ನಿಲ್ಲಿಸಲಿಲ್ಲ, ಯಾಕಂತವ್ವ, ಏನಾತು. ಗುಂಡಿ ಮ್ಯಾಲೆ ಹಾರೂ ಮುಂದ ಹೊತ್ತು ಮುಗಿತಂದ್ರ ಗಾಳ್ಯಾಗ ನಿಂತು ಕಿರೀಟ ತಗೀತಾನಪ್ಪ, ಕಣ್ಣಿಗೆ ಒತ್ತಿಕೋತಾನ, ಆಮ್ಯಾಲೆ ಬಿದ್ದು ಸಾಯತಾನ, ಟೆಸ್ಟಿಂಗ್ ಮಂದಿ ನಕ್ಕು ನಕ್ಕು ಸಾಕಾಗ್ಯಾರ. ಅಪ್ಪನಿಗೂ ನಗು ಬಂತು, ಚಹ ನೆತ್ತಿಗೇರಿತು, ಕೆಮ್ಮುತ್ತಲೇ, ಅಲ್ಲಬೇ, ಭಾಳ ಭಕ್ತಿವಂತ ಅದಾನ ನಿನ್ನ ಹುಡುಗ, ಕಾಲ ಕೆಳಗ ನೆಲಾನ ಇಲ್ಲ, ಎಲ್ಲಿ ಇಡಾವ ಅಂವ ಕಿರೀಟಾ, ಅಂದ, ಬಸಿ ಕೆಳಗಿಟ್ಟ, ಹೋಗಲಿ ಬಿಡು, ಅಂದ, ಅನ್ನುತ್ತಿದ್ದ ಹಾಗೇ ಅವನ ಎರಡು ಕೈಗಳು ತಾವಾಗಿ ತಲೆಯ ಕಡೆ ಎದ್ದವು, ಬಲಗೈ ನೆತ್ತಿ ಮುಟ್ಟಿತು, ಎಡಗೈ ಭುಜದ ಮಟ್ಟಕ್ಕೆ ಬಂದು ನಿಂತಿತು, ಅಲ್ಲಿಂದ ಮೇಲೆ ಅದು ಹೋಗುವುದಿಲ್ಲ, ಗೊತ್ತಿದ್ದೂ ಎತ್ತುತ್ತಾನೆ, ಆ ನಿಂತ ಕೈ.

ಟಿಂಗು ಎಂದರೆ ಬೆರಳಿನ ಉಗುರಿನಷ್ಟು ಎತ್ತರದವನು, ಫೋನಿನೊಳಗಿನ ಆಟದ ಹುಡುಗ, ಓಡುತ್ತಾನೆ, ಕಟ್ಟೆಯಿಂದ ಕಟ್ಟೆಗೆ ಹಾರುತ್ತಾನೆ, ಗುಂಡಿಗೆ ಬೀಳುತ್ತಾನೆ, ಮತ್ತೆ ಹುಟ್ಟುತ್ತಾನೆ, ಆ ಹೆಸರಿಟ್ಟವರು ಆಫೀಸಿನ ಹೈದರಾಬಾದಿ ಹುಡುಗರು, ಗಿಡ್ಡ ಇದ್ದವರನ್ನೆಲ್ಲ ಅವರು ಟಿಂಗು ಎಂದೇ ಕರೆಯುವುದು, ಅವನಿಗೆ ರೂಪ ಕೊಟ್ಟವಳು ಮಾತ್ರ ಅಲ್ಲಿ ಆಟಗಳಿಗೆ ಚಿತ್ರ ಬರೆಯುವ ನೇತ್ರಾ, ಪರದೆಯ ಮೇಲೆ ಚುಕ್ಕೆಯ ಪಕ್ಕ ಚುಕ್ಕೆ ಇಟ್ಟು, ಅಜ್ಜಿ ಅಂಗಳದಲ್ಲಿ ರಂಗೋಲಿಗೆ ಇಡುತ್ತಿದ್ದ ಹಾಗೆ. ಮೊದಲನೆಯ ಆಟದಲ್ಲಿ ಬೆಲ್ಲದ ಅಚ್ಚು ತಿಂದರೆ ಅವನ ನೀಲಿ ಚಡ್ಡಿ ಕೆಂಪಾಗುತ್ತಿತ್ತು, ಅಷ್ಟೇ, ಆಗಿನ ಫೋನುಗಳಲ್ಲಿ ಅದಕ್ಕಿಂತ ಹೆಚ್ಚಿಗೆ ಜಾಗವಿರಲಿಲ್ಲ, ಆದರೂ ಮಕ್ಕಳು ಕೆಂಪು ಚಡ್ಡಿಗೆ ಪ್ರಾಣ ಬಿಟ್ಟರು, ಎರಡನೆಯದರಲ್ಲಿ ಬೆಲ್ಲ ತಿಂದವನು ಇಮ್ಮಡಿ ಎತ್ತರವಾದ, ಮೀಸೆ ಬಂತು, ತಲೆಯಿಂದ ಗುದ್ದಿ ಕಲ್ಲು ಒಡೆದ, ಈಗ ಈ ಮೂರನೆಯದರಲ್ಲಿ ಆಕಾಶದಿಂದ ಕಿರೀಟವೇ ಇಳಿದು ಬರುತ್ತದೆ, ಹೆಗಲ ಮೇಲೆ ಭುಜಕೀರ್ತಿ ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತದೆ, ಮುಳ್ಳಿನ ಮೇಲೆ ನಡೆಯುತ್ತಾನೆ, ಬೆಂಕಿಯ ಮೇಲೆ ನಡೆಯುತ್ತಾನೆ, ಯಾರೂ ಅವನನ್ನು ಮುಟ್ಟಲಾರರು. ಆದರೆ ಆ ಬಲದ ಹೊತ್ತು ಮುಗಿದಾಗ? ಮೊದಲೆರಡು ಆಟಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಮೂರು ಸಲ ಮಿಣುಕಿ ಮೀಸೆ ಮಾಯ, ಎತ್ತರ ಮಾಯ, ಯಾರೋ ಕಿತ್ತುಕೊಂಡ ಹಾಗೆ, ಕಿತ್ತುಕೊಂಡವರ ಮುಖವೂ ಕಾಣದ ಹಾಗೆ, ಅದನ್ನು ನೋಡಿದಾಗಲೆಲ್ಲ ಅವಳು ಅಂದುಕೊಳ್ಳುತ್ತಿದ್ದಳು, ಹೀಗಲ್ಲ, ಹೀಗೆ ಇಳಿಸಬಾರದು — ಹುಮನಾಬಾದ ಕಡೆಯ ಅವಳ ಊರಿನಲ್ಲಿ ಅಪ್ಪನ ಮೇಳ ದೊಡ್ಡಾಟ ಆಡುತ್ತಿದ್ದಾಗ ದೇವರ ವೇಷ ಹಾಕಲು ಮೂರು ಜನ ಬೇಕು, ಒಬ್ಬ ಎದೆಗೆ ಕಟ್ಟುವವನು, ಒಬ್ಬ ಭುಜಕ್ಕೆ, ಒಬ್ಬ ಹಿಂದಿನಿಂದ ಕಿರೀಟದ ದಾರ ಬಿಗಿಯುವವನು, ಇಳಿಸುವಾಗ ಮಾತ್ರ ಯಾರೂ ಹತ್ತಿರ ಸುಳಿಯುವ ಹಾಗಿಲ್ಲ, ಬೆಳಕು ಹರಿದ ಮೇಲೆ ವೇಷದವನೊಬ್ಬನೇ ಮೂಡಲಿಗೆ ಮುಖ ಮಾಡಿ ನಿಂತು, ಎರಡೂ ಕೈಗಳಿಂದ ಕಿರೀಟವನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಅಕ್ಕಿ ಹರಡಿದ ಮೊರದಲ್ಲಿ ಇಡಬೇಕು, ಕೊಟ್ಟ ದೇವರಿಗೂ ಪಡೆದವನಿಗೂ ನಡುವಿನ ಮಾತು ಅದು, ಆಮೇಲೆಯೇ ಅವನಿಗೆ ನೀರು, ಆಮೇಲೆಯೇ ಬೀಡಿ. ಚಿಕ್ಕವಳಿದ್ದಾಗ ಅವಳು ಎದ್ದು ಕಾಯುತ್ತಿದ್ದದ್ದು ಆಟಕ್ಕಲ್ಲ, ಆ ಗಳಿಗೆಗೆ, ಕಿರೀಟ ಮೇಲೆದ್ದ ಕೂಡಲೇ ಅದರ ಕೆಳಗಿನಿಂದ ಅಪ್ಪ ಹುಟ್ಟಿ ಬರುತ್ತಿದ್ದ, ಹಣೆಯ ಮೇಲೆ ದಾರದ ಗೆರೆ, ಬಣ್ಣದ ನಡುವೆ ಅದೊಂದೇ ಅಪ್ಪನದು. ಕೊನೆಯ ಆಟದ ದಿನ ರಂಗದ ಅಟ್ಟದ ಹಲಗೆ ಮುರಿಯಿತು, ಅಪ್ಪ ಕಿರೀಟ ಸಮೇತ ಬಿದ್ದ, ಎಡಭುಜ ನುಚ್ಚಾಯಿತು, ಟೆಂಪೋದಲ್ಲಿ ಮಲಗಿಸುವಾಗ ತಲೆ ನೆಟ್ಟಗೆ ನಿಲ್ಲಲಿ ಎಂದು ಯಾರೋ ಪುಣ್ಯಾತ್ಮರು ದಾರ ಹರಿದು ಕಿರೀಟ ಕಿತ್ತಿಟ್ಟರು, ಅವರ ತಪ್ಪೇನಿಲ್ಲ, ಯಾರ ತಪ್ಪೂ ಇಲ್ಲ, ಆದರೆ ಅಂದಿನಿಂದ ಅಪ್ಪ ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸುತ್ತಾನೆ, ಮೆಹದಿಪಟ್ಟಣದ ಈ ಬಾಡಿಗೆ ಮನೆಯ ಎತ್ತರದ ಬಾಗಿಲಲ್ಲೂ ಬಗ್ಗಿಸುತ್ತಾನೆ, ಕೆಳಮನೆಯ ಸಾವಿತ್ರಿಬಾಯಿ, ನಿಮ್ಮ ತಂದೆಯವರು ಭಾಳ ವಿನಯವಂತರ ರೀ, ಅಂತಾರೆ, ನೇತ್ರಾಗೆ ಗೊತ್ತು ಅದು ವಿನಯವಲ್ಲ, ಚೌಕಟ್ಟು ತಗುಲೀತು ಎಂಬ ಅಂಜಿಕೆ, ಇನ್ನೂ ತಲೆಯ ಮೇಲಿದೆ ಅದು, ಮರಳಿಸದೆ ಉಳಿದದ್ದು ಇಳಿಯುವುದು ಹೇಗೆ.

ಟೋಲಿಚೌಕಿ, ಟೋಲಿಚೌಕಿ, ಬುರ್ಕಾದ ಹುಡುಗಿಯರು ಕೊಡೆ ಕೊಡವುತ್ತ ಹತ್ತಿದರು, ಹನಿ ನೇತ್ರಾಳ ಕೈಮೇಲೆ ಸಿಡಿಯಿತು, ಮಾಫ್ ಕರ್ನಾ ಬಾಜಿ, ಪರವಾ ನೈ, ಪರವಾ ನೈ — ಟಿಂಗು ಕಿರೀಟ ಇಳಿಸುವುದನ್ನು ಬರೆಯಬೇಕಿದ್ದ ದಿನ ಅಪ್ಪನನ್ನು ಗೋಡೆಯ ಮುಂದೆ ನಿಲ್ಲಿಸಿ ಕೈಗೆ ಕಿರೀಟದ ಬದಲು ಹಿಟ್ಟು ನಾದುವ ಪರಾತ ಕೊಟ್ಟು, ಹ್ಯಾಂಗ ಇಳಸತಿದ್ದಿ ತೋರಸಪ್ಪ, ಅಂದಾಗ ಕೂಡ ಅವನು ಮೂಡಲು ಯಾವ ಕಡೆ ಎಂದು ಕೇಳಿ ತಿಳಿದುಕೊಂಡೇ ನಿಂತ, ಅವಳು ಆಫೀಸಿನ ಕ್ಯಾಮೆರಾ ಹಿಡಿದಿದ್ದಳು, ಬಲಗೈ ಪರಾತ ಹಿಡಿದು ಮೇಲೆದ್ದಿತು, ಎಡಗೈ ಭುಜದ ಮಟ್ಟಕ್ಕೆ ನಿಂತಿತು, ಪರಾತ ಓರೆಯಾಗಿ ಹಿಟ್ಟಿನ ಪುಡಿ ಹುಬ್ಬಿನ ಮೇಲೆ ಉದುರಿತು, ಎರಡೂ ಕೈ ಬೇಕಬೇ ಇದಕ್ಕ, ನನ್ನ ಕಡೆ ಆಗಾಂಗಿಲ್ಲ, ನಿನ್ನ ಹುಡುಗನ ಕಡಿಂದ ಮಾಡಸು, ಅಂವಗ ಎರಡೂ ಕೈ ಅದಾವಲ್ಲ, ನನ್ನ ಪರವಾಗಿ ಅಂವಾನ ಇಳಸಲಿ, ಅಂದು ಹುಬ್ಬು ಒರೆಸಿಕೊಂಡ, ನಗುತ್ತಲೇ ಅಂದ, ಆದರೆ ಅಂದಿನಿಂದ ದಿನಾ ಒಂದೇ ಪ್ರಶ್ನೆ, ಆತೇನು, ಇಳಸಿದನೇನು, ಒಮ್ಮೆ ಕೇಳಿದ, ಆಟ ಹೊರಗ ಬಂದಿಂದ ಎಷ್ಟು ಮಂದಿ ಕೈಯಾಗ ಇಳಸತಾನವ್ವ ಅಂವ, ಲಕ್ಷ ಮಂದಿ ಇರಬೇಕಪ್ಪ, ಅಂದಳು, ಲಕ್ಷ ಸಲ, ಎಂದು ಅಪ್ಪ ಕಣ್ಣು ಮುಚ್ಚಿದ. ಅವಳು ಟಿಂಗುವಿನ ಎಡಗೈಯನ್ನು ತನ್ನ ನೆನಪಿನಿಂದ ಬರೆದಳು, ಬೆಳಗಾಗುವುದನ್ನು ಕಾಯುತ್ತಿದ್ದ ಹುಡುಗಿಯ ನೆನಪಿನಿಂದ, ಹಣೆಯ ಗೆರೆಗೆ ಎರಡು ಕಂದು ಚುಕ್ಕೆ ಇಟ್ಟಳು. ಹಾಕಿಕೊಳ್ಳೋದನ್ನೇ ಹಿಂದುಮುಂದಾಗಿ ಓಡಿಸಿದ್ರೆ ಸಾಕಲ್ವಾ ನೇತ್ರಾ, ಜಾಗಾನೂ ಉಳಿಯತ್ತೆ, ಎಂದು ಮೈಸೂರಿನ ಗೋಪಿನಾಥ ಕೇಳಿದ್ದ, ಆಟಕ್ಕೆ ಚಲನೆ ಕೊಡುವ ಪ್ರೋಗ್ರಾಮರು ಅವನು, ಹಾಂಗ ಮಾಡಿದ್ರ ಕಿರೀಟ ತಾನಾಗಿ ಹಾರಿ ಹೋಗತದ ಗೋಪಿನಾಥ, ಇಂವ ಕೊಟ್ಟಾಂಗ ಆಗೂದಿಲ್ಲ, ಎಂದಿದ್ದಳು, ಅವನಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿ ಸೇರಿಸಿಕೊಟ್ಟ. ತಪ್ಪು ಅವಳದೇ, ದೇವರ ವೇಷ ಕಂಡ ಮನೆಯವರು ಮಾತ್ರ ಮಾಡುವ ತಪ್ಪು, ಇಳಿಸುವಾಗ ಯಾರೂ ಮುಟ್ಟಬಾರದಲ್ಲ, ಅದಕ್ಕೇ ಆ ಗಳಿಗೆಯಲ್ಲಿ ಆಡುವವರ ಬೆರಳಿಗೂ ಅಧಿಕಾರ ಬೇಡ ಎಂದು ಗುಂಡಿಗಳನ್ನೆಲ್ಲ ಕಟ್ಟಿಹಾಕಿಸಿದ್ದಳು, ಒತ್ತುವ ಗುಂಡಿಗಳನ್ನು, ಕೆಳಗಿನ ಪಾತಾಳದ ಗುಂಡಿಗಳು ಅವಳಿಗೆ ಹೊಳೆಯಲೇ ಇಲ್ಲ, ಟಿಂಗು ನಡುಗಾಳಿಯಲ್ಲಿ ನಿಂತು ಪೂಜೆ ಮುಗಿಸಿ ನೆಟ್ಟಗೆ ಕೆಳಗೆ ಹೋಗುತ್ತಿದ್ದ. ನಿನ್ನೆ ಸಂಜೆ, ನೇತ್ರಾಗಾರೂ, ಇವನು ನಮ್ಮ ಹೀರೋನಾ, ಭಕ್ತುಡಾ, ಎಂದು ತಂಡದ ಹಿರಿಯ ಸೂರ್ಯನಾರಾಯಣ ಅವರು ಕೇಳಿದ್ದಕ್ಕೆ ಎಲ್ಲರ ಜೊತೆ ಅವಳೂ ನಕ್ಕಿದ್ದಳು, ಗೋಪಿನಾಥನ ಕಡೆ ತಿರುಗಿ ಅವರು, ತೆಗೆದುಬಿಡು, ಮೊದಲಿನ ಹಾಗೆ ಮಿಣುಕಿಸು, ಆಟ ಮುಗಿಸಿದ ಬಿಲ್ಡ್ ನಾಳೆ ಮಧ್ಯಾಹ್ನ ಹೊರಗೆ ಹೋಗಬೇಕು, ಎಂದರು, ಗೋಪಿನಾಥ ಅವಳ ಮುಖ ನೋಡದೆ ತೆಗೆದ, ಖಾಲಿಯಾದ ಜಾಗದಲ್ಲಿ ಬಹಳ ದಿನದಿಂದ ತಾನು ಆಸೆಪಟ್ಟಿದ್ದ ಪಟಾಕಿ ಹೊಂದಿಸಿದ, ಆಟದ ಒಂದೊಂದು ಮಟ್ಟ ಮುಗಿದಾಗ ಆಕಾಶದಲ್ಲಿ ಬಣ್ಣಬಣ್ಣದ ಹೂ, ಚೆನ್ನಾಗಿತ್ತು, ಸುಳ್ಳೇಕೆ ಹೇಳಬೇಕು, ಚೆನ್ನಾಗಿಯೇ ಇತ್ತು.

ಶೇಕಪೇಟೆಯ ಹತ್ತಿರ ರಸ್ತೆ ಅಗೆದಿದ್ದಾರೆ, ಯಾವಾಗಲೂ ಅಗೆದೇ ಇರುತ್ತಾರೆ, ತಗ್ಗಿನಲ್ಲಿ ಕೆಂಪು ನೀರು ನಿಂತಿದೆ, ಸೂಟು ಬೂಟಿನ ಒಬ್ಬ, ಕೊರಳಲ್ಲಿ ಆಫೀಸಿನ ಪಟ್ಟಿ ತೂಗುತ್ತಿದೆ, ಪ್ಯಾಂಟು ಮಡಚಿ ನೀರಿನ ಮೇಲೆ ಹಾರಿದ, ಬೂಟಿನ ದಾರ ಬಿಚ್ಚಿತ್ತು, ನಡುವೆ ಕಟ್ಟಿಕೊಳ್ಳಲಾದೀತೇ, ಆಚೆ ದಡಕ್ಕೆ ಕಾಲಿಟ್ಟು, ನಿಂತು, ಬಗ್ಗಿ, ದಾರ ಕಟ್ಟಿಕೊಂಡ — ನೇತ್ರಾ ನೋಡುತ್ತಿದ್ದಳು, ಬಸ್ಸು ಅವನನ್ನು ದಾಟಿ ಹೋಯಿತು, ಕಾಲ ಕೆಳಗ ನೆಲಾನ ಇಲ್ಲ, ಎಲ್ಲಿ ಇಡಾವ, ನೆಲ ಇಲ್ಲ, ನೆಲ ಬರಲಿ, ನೆಲ ಬರುವ ತನಕ ವೇಷ ಇರಲಿ! ಅಷ್ಟೇ ಅಲ್ಲವೇ, ಹೊತ್ತು ಮುಗಿದರೂ ಗಾಳಿಯಲ್ಲಿದ್ದವನಿಗೆ ದೇವರು ಇನ್ನೊಂದು ಗಳಿಗೆ ಕೊಡಲಾರನೇ, ಕಾಲೂರಿದ ಮೇಲೆ ಮರಳಿ ಕೇಳಲಿ, ಅವನೇನು ಓಡಿ ಹೋಗುತ್ತಾನೆಯೇ, ಎಷ್ಟು ಸಲೀಸು, ಬೆಳಿಗ್ಗೆ ಅಪ್ಪ ನಗುವಾಗ ಇದೇ ಮಾತು ಬಸಿಯಲ್ಲಿ ಇತ್ತು, ಅವಳು ಒಬ್ಬಳೇ ನಕ್ಕಳು, ಪಕ್ಕದ ಹೆಂಗಸು ಸೆರಗು ಎಳೆದುಕೊಂಡು ಸ್ವಲ್ಪ ಸರಿದಳು, ಸರಿಯಲಿ. ಆಫೀಸಿನ ಮೆಟ್ಟಿಲು ಹತ್ತುವಾಗ ಮಾತ್ರ ನೆನಪಾಯಿತು, ಹೊಳೆದದ್ದೇನೋ ಹೊಳೆಯಿತು, ಮಧ್ಯಾಹ್ನ ಬಿಲ್ಡ್ ಹೋಗುತ್ತದೆ, ಹೋದದ್ದು ಹೋದಂತೆಯೇ ಲಕ್ಷ ಫೋನುಗಳಿಗೆ, ಲಕ್ಷ ಸಲ ಮಿಣುಕಿ ಮಾಯ, ಲಕ್ಷ ಸಲ ಕಿತ್ತುಕೊಂಡಂತೆ, ಅಪ್ಪ ಮತ್ತೆ ಕೇಳುವುದಿಲ್ಲ, ಕೇಳದೇ ಬಾಗಿಲಲ್ಲಿ ಬಗ್ಗುತ್ತಾನೆ. ಗೋಪಿನಾಥ ಬಂದಾಗಿತ್ತು, ತಲೆ ಒದ್ದೆ, ಕಂಪ್ಯೂಟರಿನ ಮೇಲೆ ಕರ್ಚೀಫು ಒಣಹಾಕಿದ್ದ, ಅವಳು ನಿಂತೇ ಹೇಳಿದಳು, ನೆಲ ಸಿಗೂತನಕ ಇಳಸೂದು ಬ್ಯಾಡ ಗೋಪಿನಾಥ, ಕಾಲು ಊರಿದ ಮ್ಯಾಲೆ ಇಳಸಲಿ, ಹಾಂಗ ಮಾಡಿದ್ರ ಸಾಯೂದಿಲ್ಲ. ಅವನು ಪರದೆ ನೋಡುತ್ತಲೇ ಇದ್ದ, ಹೌದು, ಸಾಯಲ್ಲ, ಆದ್ರೆ ಜಾಗ ಇಲ್ವಲ್ಲ ನೇತ್ರಾ, ನಿನ್ನೇನೇ ತುಂಬ್ಸಿಬಿಟ್ಟೆ, ಅಂದ. ಅದು ಅವಳಿಗೂ ಗೊತ್ತು, ಇಡೀ ಆಟಕ್ಕೆ ಫೋನು ಕೊಡುವುದು ಒಂದು ಮೊರದಷ್ಟು ಜಾಗ, ಒಂದು ಹಾಕಿದರೆ ಒಂದು ತೆಗೆಯಬೇಕು, ಪಟಾಕಿ ತಗೀರಿ ಎಂದು ಅವಳು ಹೇಳಲಿಲ್ಲ, ಬಾಯಿಗೆ ಬಂದಿತ್ತು, ಆದರೆ ಕೇಳಿ ಪಡೆದರೆ ಅದೂ ಕಿತ್ತುಕೊಂಡಂತೆಯೇ ಅಲ್ಲವೇ, ಅವನಿಗೂ ತನ್ನ ಹೂಗಳ ಮೇಲೆ ಮಮತೆ ಇದ್ದೀತು, ಇರಲಿ ಬಿಡ್ರಿ, ಹೊಳೀತು, ಹೇಳಿದೆ, ಎಂದು ತನ್ನ ಕುರ್ಚಿಗೆ ಬಂದು ಕೂತಳು, ವಿಚಿತ್ರವೆಂದರೆ ಎದೆ ಹಗುರವಾಗಿತ್ತು, ತನ್ನ ಕೈಲಿದ್ದದ್ದು ಮಾಡಿಯಾಯಿತು, ಉಳಿದದ್ದು ಕೊಡುವವನ ಕೈಲಿದೆ, ಶಿವನೇ ನಿನ್ನ ಮೊರ, ನಿನ್ನ ಅಕ್ಕಿ.

ಕಿಟಕಿಯಾಚೆ ಗಚ್ಚಿಬೌಲಿಯ ಬಂಡೆಗಳು ತೊಳೆದಿಟ್ಟ ಆನೆಗಳ ಹಾಗೆ ಹೊಳೆಯುತ್ತಿವೆ, ಗಾಜಿನ ಕಟ್ಟಡಗಳ ನಡುವೆ ಅವೊಂದೇ ಅವಸರವಿಲ್ಲದವು, ಅವಳು ಕಾವು ಕೂತ ಹಕ್ಕಿಯ ಹಾಗೆ ಕುರ್ಚಿ ಬಿಟ್ಟೇಳದೆ ಬೇರೆ ಯಾವುದೋ ಮುಳ್ಳಿನ ಗಿಡಕ್ಕೆ ಬಣ್ಣ ತುಂಬುತ್ತ ಕೂತಿದ್ದಳು, ಹಸಿರು, ಇನ್ನೊಂದು ಹಸಿರು, ಸೂರ್ಯನಾರಾಯಣ ಅವರು ಹಿಂದೆಲ್ಲೋ ಕೇಳುವುದು ಕಿವಿಗೆ ಬಿತ್ತು, ಗೋಪಿ, ಪಟಾಕಾಲು ಎಕ್ಕಡ, ನಿನ್ನೆ ಇದ್ದವಲ್ಲ ಪಟಾಕಿ, ಎಲ್ಲಿ. ಮಳೆಗೆ ನೆನೆದು ಹೋದವು ಸರ್, ಗೋಪಿನಾಥನ ಹರಕು ತೆಲುಗು, ಅವರು ಗದರುತ್ತಾರೆ ಎಂದುಕೊಂಡಳು, ಗದರಲಿಲ್ಲ, ಫೋನಿನ ಗುಂಡಿಗಳ ಟಕಟಕ ಕೇಳಿತು, ಗುಂಡಿಗೆ ಬೀಳಲ್ಲ ತಾನೇ, ಎಂದರು, ಬೀಳಲ್ಲ ಸರ್, ಸರೆ, ಕಾನೀ, ಆಗಲಿ, ಎಂದು ಅವರ ಚಪ್ಪಲಿಯ ಸದ್ದು ದೂರ ಹೋಯಿತು, ಅವಳ ಕೈ ಹಸಿರಿನ ಮೇಲೆಯೇ ನಿಂತಿತ್ತು, ತಿರುಗಿ ನೋಡಲು ಧೈರ್ಯವಿರಲಿಲ್ಲ, ಆಮೇಲೆ ಯಾರೋ ಪಕ್ಕಕ್ಕೆ ಬಂದರು, ಒದ್ದೆ ತಲೆಯ ವಾಸನೆ, ಟೆಸ್ಟಿಂಗ್ ಫೋನನ್ನು ಅವಳ ಅಂಗೈ ಹತ್ತಿರ ಇಟ್ಟರು, ನಿನ್ನೆ ನಿಮ್ಮನ್ನ ಕೇಳ್ದೇ ತೆಗೆದಿದ್ದೆ, ತಗೊಳ್ಳಿ, ಗೋಪಿನಾಥ ಅಷ್ಟೇ ಅಂದ, ಹೋದ. ಎರಡಿಂಚಿನ ಪರದೆಯಲ್ಲಿ ಟಿಂಗು ಓಡುತ್ತಿದ್ದಾನೆ, ಬೆಲ್ಲ ತಿಂದ, ಆಕಾಶ ತೆರೆಯಿತು, ಕಿರೀಟ ಇಳಿಯಿತು, ಮುಳ್ಳು ದಾಟಿದ, ಬೆಂಕಿ ದಾಟಿದ, ಹೊತ್ತು ಮುಗಿಯುತ್ತಿದೆ, ಮಿಣುಕುತ್ತಿದ್ದಾನೆ, ಎದುರಿಗೆ ಪಾತಾಳ, ಅವಳು ಹಾರಿಸಿದಳು, ಬೇಕೆಂದೇ ಹಾರಿಸಿದಳು, ನಡುಗಾಳಿಯಲ್ಲಿ ಹೊತ್ತು ಮುಗಿಯಿತು, ಅವನು ನಿಲ್ಲಲಿಲ್ಲ, ಬೀಳಲಿಲ್ಲ, ಭುಜಕೀರ್ತಿ ಇನ್ನೂ ಬಿಚ್ಚಿಯೇ ಇದೆ, ಆಚೆ ದಡ, ನೆಲ, ಕಾಲೂರಿದ, ಈಗ ಅವಳ ಬೆರಳು ಏನನ್ನೂ ಒತ್ತುತ್ತಿಲ್ಲ, ಒತ್ತಿದರೂ ಕೇಳುವುದಿಲ್ಲ, ಬಲಗೈ ಎದ್ದಿತು, ಎಡಗೈ ಎದ್ದಿತು, ಭುಜದ ಮಟ್ಟ, ಎಡಗೈ ನಿಲ್ಲಲಿಲ್ಲ, ಭುಜ ದಾಟಿತು, ಕಿವಿ ದಾಟಿತು, ಸಂಜೆ ಮನೆಗೆ ಹೋಗಿ ಅಪ್ಪನಿಗೆ ಏನೆಂದು — ಎರಡೂ ಕೈ, ನಡುವೆ ಕಿರೀಟ, ಮೆಲ್ಲಗೆ ಮೇಲೆದ್ದು, ಕಣ್ಣಿಗೊತ್ತಿ, ಕೆಳಗೆ, ನೆಲಕ್ಕೆ — ಇನ್ನೊಮ್ಮೆ ಆಡಿದಳು — ಎರಡೂ ಕೈ, ನಡುವೆ ಕಿರೀಟ — ಎರಡೂ ಕೈ.