ಚಂದ್ರಮತಿಯವರ ಇಪ್ಪತ್ತು ನಿಮಿಷ

ಮುಂದಿನ ಭಾನುವಾರದ ಕಛೇರಿಯ ಆಹ್ವಾನ ಪತ್ರಿಕೆ ಹಿಡಿದು, ಬಡಾವಣೆಯ ಸಂಗೀತ ಸಭೆಯ ಕಾರ್ಯದರ್ಶಿ ಮಾಧವರಾಯರು ವೀಣೆಯ ಚಂದ್ರಮತಿಯವರ ಮನೆಗೆ ಬಂದರು. ಪತ್ರಿಕೆಯ ತುಂಬ ಭಾಷಣ ಮಾಡಲಿರುವ ಹದಿನಾಲ್ಕು ಮಂದಿ ಅತಿಥಿಗಳ ಫೋಟೋಗಳಿದ್ದವು. ನಲವತ್ತು ವರ್ಷದಿಂದ ವೀಣೆ ನುಡಿಸುತ್ತಿದ್ದ ಚಂದ್ರಮತಿ ಕನ್ನಡಕ ಏರಿಸಿ ತಮ್ಮ ಹೆಸರು ಹುಡುಕಿದರು.

“ಹಿಂದ್ಗಡೆ ಇದೆ ನೋಡಿಮ್ಮ,” ಎಂದರು ರಾಯರು.

ಇತ್ತು, ‘ಲಘು ಉಪಾಹಾರದ ವ್ಯವಸ್ಥೆ ಇದೆ’ ಎಂಬುದರ ಕೆಳಗೆ.

“ಭಾಷಣ ಎಷ್ಟು ಹೊತ್ತು?”

“ಎರಡು ಗಂಟೆ. ನಿಮಗೆ ಪೂರ್ತಿ ಇಪ್ಪತ್ತು ನಿಮಿಷ ಬಿಟ್ಟಿದೀವಿ.”

ಆ ಔದಾರ್ಯಕ್ಕೆ ಚಂದ್ರಮತಿ ಕೈಮುಗಿದು ಪತ್ರಿಕೆ ಹಿಂತಿರುಗಿಸಿದರು. “ಅದನ್ನೂ ಅತಿಥಿಗಳಿಗೇ ಕೊಟ್ಬಿಡಿ,” ಎಂದರು.

ಆ ಭಾನುವಾರ ಅವರು ಮನೆಯ ವರಾಂಡದಲ್ಲೇ ಕೂತು ಎರಡು ಗಂಟೆ ತೋಡಿ ರಾಗ ನುಡಿಸಿದರು. ಅಕ್ಕಪಕ್ಕದವರು ಬಂದು ಮೆಟ್ಟಿಲ ಮೇಲೆ ಕೂತು ಕೇಳಿದರು. ಅತ್ತ ಸಭೆಯೂ ಸಾಂಗವಾಗಿ ನಡೆಯಿತು. ವೀಣೆ ಇಲ್ಲದ್ದನ್ನು ಗಮನಿಸಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.