ಕರಟಕ್ಕೆ ಸೋತ ಚಿಪ್ಪು

ನನ್ನನ್ನು ಕಪ್ಪೆಚಿಪ್ಪು ಅನ್ನುತ್ತಾರೆ. ಕಪ್ಪೆಗೂ ನನಗೂ ಏನು ನಂಟೋ ಆ ದೇವರೇ ಬಲ್ಲ! ನಾನು ಹುಟ್ಟಿದ್ದು ಉಳ್ಳಾಲದ ಕಡಲಿನಲ್ಲಿ. ನನ್ನೊಳಗೆ ಒಂದು ಮೆತ್ತನೆಯ ಜೀವವಿತ್ತು. ಅದು ಗೆರೆಯ ಮೇಲೆ ಗೆರೆ ಎಳೆದು ನನ್ನನ್ನು ಬೆಳೆಸಿತು, ಒಂದು ದಿನ ಇಲ್ಲವಾಯಿತು. ಬರಿದಾದ ನನ್ನನ್ನು ನೀರು ಎಷ್ಟೋ ಕಾಲ ತೂಗಿತು. ಮೇಲೆಲ್ಲೋ ಹಸಿರು ಬೆಳಕು, ಕೆಳಗೆ ತಣ್ಣನೆಯ ಮರಳು. ಅದು ನಿದ್ದೆಯೋ ಎಚ್ಚರವೋ ಈಗಲೂ ಹೇಳಲಾರೆ.

ಒಂದು ಬೆಳಿಗ್ಗೆ ಅಲೆ ನನ್ನನ್ನು ದಡಕ್ಕೆ ಎಸೆಯಿತು. ಮೀನು ಆರಿಸುತ್ತಿದ್ದ ಹೆಂಗಸೊಬ್ಬಳು ನನ್ನನ್ನು ತೊಳೆದು, ಬಯಲುಸೀಮೆಗೆ ವರ್ಗವಾಗಿದ್ದ ಎಳೆಯ ಪಾದ್ರಿಯೊಬ್ಬರ ಕೈಗಿಟ್ಟಳು. ಅವರು ನನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕನಕಪುರದ ಆಚೆಯ ಕಲ್ಲುಕೊಪ್ಪಲಿಗೆ ಬಂದರು. ಸುತ್ತ ಹಿಪ್ಪುನೇರಳೆ ತೋಟ, ನಡುವೆ ಒಂದು ಚರ್ಚು. ಕಡಲಿನ ವಾಸನೆ ಕೂಡ ಇಲ್ಲದ ಊರು. ನಾನು ಎಷ್ಟು ಅತ್ತೆನೋ ಯಾರಿಗೆ ಗೊತ್ತು?

ಆದರೆ ನನಗೊಂದು ಕೆಲಸ ಸಿಕ್ಕಿತು. ಚರ್ಚಿನ ಬಾಗಿಲ ಪಕ್ಕದ ಕಲ್ಲುತೊಟ್ಟಿಯಿಂದ ನೀರು ತುಂಬಿಕೊಂಡು ಹಸುಗೂಸಿನ ನೆತ್ತಿಯ ಮೇಲೆ ಮೂರು ಸಲ ಸುರಿಯುವುದು. ಅದೇ ಜ್ಞಾನಸ್ನಾನ. ನೀರು ನನ್ನೊಳಗೆ ತುಂಬಿದಾಗೆಲ್ಲ ಕಡಲು ಬಂದಂತಾಗುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಸ್ವಾಮಿಗಳು, ಅಂದರೆ ಚರ್ಚಿನ ಪಾದ್ರಿಗಳು, ಐದಾರು ವರ್ಷಕ್ಕೊಬ್ಬರು ಬದಲಾದರು, ನಾನು ಬದಲಾಗಲಿಲ್ಲ. ಈ ಚರ್ಚಿನ ಒಂದು ನೆತ್ತಿಯೂ ನನ್ನಿಂದ ತಪ್ಪಿಸಿಕೊಂಡು ಹೋಗಿಲ್ಲ ಎಂಬ ಜಂಬ ನನಗೆ. ಸ್ವಲ್ಪವಲ್ಲ, ಬಹಳ!

ತೊಟ್ಟಿಯ ಪಕ್ಕದ ಕಿಟಕಿಯಾಚೆ ನಿಂಗಾಜಮ್ಮ ಹೂವು ಮಾರುತ್ತಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ. ನಮ್ಮ ಮತದವಳಲ್ಲ. ಆದರೂ ಜ್ಞಾನಸ್ನಾನ ಕೊಡುವಾಗ ಸ್ವಾಮಿಗಳು ಹೇಳುವ ಮಾತು ಶುರುವಾದರೆ ಅವಳ ಬೆರಳು ಹೂವಿನ ಮೇಲೇ ನಿಂತುಬಿಡುತ್ತಿತ್ತು, ತುಟಿ ಸಣ್ಣಗೆ ಅಲುಗುತ್ತಿತ್ತು. ಇಪ್ಪತ್ತು ವರ್ಷ ಹಾಗೇ ಕೇಳಿದಳು.

ಒಂದು ಮಧ್ಯಾಹ್ನ, ಚರ್ಚಿನ ಮುಂದೆ ಬಸ್ಸಿಗೆ ಕಾಯುತ್ತಿದ್ದ ನಮ್ಮ ಸಭೆಯ ಬಸುರಿ ಸಹಾಯಮೇರಿಗೆ ತಿಂಗಳು ತುಂಬುವ ಮೊದಲೇ ನೋವು ಬಂತು. ಆ ದಿನ ಸ್ವಾಮಿಗಳು ಊರಲ್ಲಿರಲಿಲ್ಲ, ನಾನು ಬೀರುವಿನೊಳಗಿದ್ದೆ. ನಿಂಗಾಜಮ್ಮನೇ ಹೂವಿನ ಅಂಗಡಿಯ ಹಿಂದೆ ಸೀರೆ ಅಡ್ಡ ಕಟ್ಟಿ ಹೆರಿಗೆ ಮಾಡಿಸಿದಳಂತೆ. ಆಮೇಲೆ ಆಸ್ಪತ್ರೆಯವರು ತಾಯಿಯನ್ನೂ ಮಗುವನ್ನೂ ಉಳಿಸಿಕೊಟ್ಟರು. ಹೆಣ್ಣು ಮಗು. ನನಗೆ ಗೊತ್ತಾದದ್ದು ಅಷ್ಟೇ.

ಎರಡು ತಿಂಗಳ ಮೇಲೆ ಜ್ಞಾನಸ್ನಾನದ ತಯಾರಿಗೆ ಮಗುವಿನ ಮನೆಯವರು ನನ್ನ ತೊಟ್ಟಿಯ ಪಕ್ಕದಲ್ಲೇ ಸ್ವಾಮಿಗಳ ಮುಂದೆ ಕುಳಿತರು. ಆಗ ಇದ್ದವರು ಫಾದರ್ ಬರ್ನಾಬಾಸ್, ಮೆತ್ತಗಿನ ಮನುಷ್ಯ. ಜ್ಞಾನತಂದೆ ಯಾರು ಎಂಬುದಕ್ಕೆ ತಕರಾರು ಬರಲಿಲ್ಲ: ಸಹಾಯಮೇರಿಯ ಅಣ್ಣ ಚೌರಪ್ಪ. ಜ್ಞಾನತಾಯಿಯ ಮಾತು ಬಂದಾಗ ಅತ್ತೆ ಮದಲೇನಮ್ಮ, "ನನ್ ಮಗಳು ಪಿಲೋಮಿ ಅವ್ಳಲ್ಲ, ಮತ್ತಿನ್ಯಾರು?" ಎಂದರು.

"ನಂಗೆ ನಿಂಗಾಜಕ್ಕನೇ ಬೇಕು," ಎಂದಳು ಸಹಾಯಮೇರಿ. "ಅವ್ಳಿಲ್ದಿದ್ರೆ ನಾನೂ ಇರ್ತಿರ್ಲಿಲ್ಲ, ಕೂಸೂ ಇರ್ತಿರ್ಲಿಲ್ಲ."

"ಹೂವಾಡಗಿತ್ತಿನಾ? ತಲೆಗಿಲೆ ಕೆಟ್ಟಿದ್ಯಾ ನಿಂಗೆ?"

ಸ್ವಾಮಿಗಳು ಕೈ ಎತ್ತಿ ಅತ್ತೆಯನ್ನು ಸುಮ್ಮನಾಗಿಸಿದರು. "ನೋಡವ್ವ, ಜ್ಞಾನತಾಯಿ ಅಂದ್ರೆ ಮಗೂನ ವಿಶ್ವಾಸದಲ್ಲಿ ಬೆಳ್ಸೋಳು. ಅವ್ಳೂ ನಮ್ಮ ಸಭೆಯೋಳೇ ಆಗಿರ್ಬೇಕು. ಅದು ನನ್ ಕೈಲಿಲ್ಲ."

"ಹಂಗಾದ್ರೆ ನನ್ ಮಗೀಗೆ ಅವ್ಳು ಏನೂ ಅಲ್ವಾ ಸ್ವಾಮಿ?"

ಕಿಟಕಿಯಾಚೆ ನಿಂಗಾಜಮ್ಮ ತಲೆ ಎತ್ತಲೇ ಇಲ್ಲ. ಆ ಕೂಸಿನ ಬಾಳಿನಲ್ಲಿ ಒಂದಿಷ್ಟು ಜಾಗ ಸಿಕ್ಕೀತೆಂದು ಅವಳು ಎಷ್ಟು ಆಸೆ ಇಟ್ಟುಕೊಂಡಿದ್ದಳೆಂದು ಆ ಬಗ್ಗಿದ ಕತ್ತು ನೋಡಿಯೇ ತಿಳಿಯಿತು.

ಆಮೇಲೆ ಸ್ವಾಮಿಗಳು ಎಲ್ಲರನ್ನೂ ಕೇಳುವ ಮಾಮೂಲಿ ಪ್ರಶ್ನೆ ಕೇಳಿದರು. "ಹುಟ್ಟಿದಾಗ ಜೀವಕ್ಕೆ ಅಪಾಯ ಅಂತ ಯಾರಾದ್ರೂ ನೀರು ಸುರಿದಿದ್ರಾ?"

"ನಂಗೆ ಗ್ಯಾನವೇ ಇರ್ಲಿಲ್ಲ," ಎಂದಳು ಸಹಾಯಮೇರಿ.

ಕಿಟಕಿಯಾಚೆ ಹೂವಿನ ಬುಟ್ಟಿ ಉರುಳಿತು. "ತಪ್ಪಾಯ್ತು ಸ್ವಾಮಿ!" ನಿಂಗಾಜಮ್ಮ ಕಂಬಿ ಹಿಡಿದು ನಿಂತಿದ್ದಳು. "ನಾನೇ ಸುರಿದುಬುಟ್ಟೆ. ಕೂಸು ನೀಲಿಗಟ್ಕಂಡಿತ್ತು, ಅಳ್ಲಿಲ್ಲ. ಇವ್ಳು ಕಣ್ ಮುಚ್ಚೋವಾಗ 'ಜ್ಞಾನಸ್ನಾನ, ಅಕ್ಕಾ' ಅಂದ್ಲು. ಇನ್ಯಾರವ್ರೆ ಅಲ್ಲಿ?"

"ಏನಂತ ಹೇಳ್ದೆ?" ಸ್ವಾಮಿಗಳು ಎದ್ದೇಬಿಟ್ಟರು.

"ನೀವು ಹೇಳೋದೇಯ. ಪಿತನ, ಸುತನ, ಪವಿತ್ರಾತ್ಮನ ಹೆಸ್ರಲ್ಲಿ ನಿಂಗೆ ಜ್ಞಾನಸ್ನಾನ ಕೊಡ್ತೀನಿ ಕೂಸೇ ಅಂದೆ."

"ನೀರು ಚಿಮುಕಿಸ್ದ್ಯಾ, ಸುರಿದ್ಯಾ?"

"ನೆತ್ತಿ ಮ್ಯಾಲೆ ಮೂರ್ ಸಲ ಸುರಿದೆ. ಹೂವಿಗೆ ನೀರು ಹಾಕೋ ಕರಟದಲ್ಲಿ."

ಕರಟ! ಕಡಲಲ್ಲಿ ಹುಟ್ಟಿದ ನಾನೆಲ್ಲಿ, ಹೂವಿನ ಬುಟ್ಟಿಯ ತೆಂಗಿನ ಕರಟವೆಲ್ಲಿ? ಮೈಯೆಲ್ಲ ಉರಿದುಹೋಯಿತು. ಸ್ವಾಮಿಗಳು ಮಾತ್ರ ಕಣ್ಣೊರೆಸಿಕೊಂಡು ಹೇಳಿದರು: "ಆಗಿದೆ. ಜ್ಞಾನಸ್ನಾನ ಆಗಿದೆ. ಸಾವಿನ ಬಾಯಲ್ಲಿರೋ ಕೂಸಿಗೆ ಯಾವ ಮತದೋರು ಬೇಕಾದ್ರೂ ಕೊಡ್ಬೋದು. ಇನ್ನೊಂದು ಸಲ ನಾನು ಸುರಿಯೋ ಹಂಗಿಲ್ಲ."



ಭಾನುವಾರ ಪಿಲೋಮಿ ಕೂಸನ್ನು ಎತ್ತಿಕೊಂಡಳು, ಚೌರಪ್ಪ ಮೇಣದ ಬತ್ತಿ ಹಿಡಿದ. ಜಸಿಂತ ಎಂದು ಹೆಸರಿಟ್ಟರು, ಹಣೆಗೆ ಪವಿತ್ರ ತೈಲ ಹಚ್ಚಿದರು, ಬಿಳಿ ಬಟ್ಟೆ ಹೊದಿಸಿದರು. ನೀರು ಸುರಿಯಲಿಲ್ಲ. ನಾನು ಮೊದಲ ಸಲ ಒಣಗಿ ಕುಳಿತೆ. ಎಲ್ಲರೂ ಊಟಕ್ಕೆ ಹೋದ ಮೇಲೆ ಸ್ವಾಮಿಗಳು ನಿಂಗಾಜಮ್ಮನನ್ನು ಕರೆದು ಅವಳ ಸರಿಯಾದ ಹೆಸರು ಕೇಳಿ ಚೀಟಿಯಲ್ಲಿ ಬರೆದುಕೊಂಡರು. "ನನ್ ಹೆಸ್ರು ಯಾಕೆ ಸ್ವಾಮಿ? ಬಿಷಪ್ಪರಿಗೆ ದೂರು ಕೊಟ್ಟೀರಾ?" ಎಂದು ಅವಳು ಹಿಂದೆ ಸರಿದಳು. "ಹೆದರ್ಬ್ಯಾಡ. ಇದು ಬೇಕು," ಎನ್ನುವಷ್ಟರಲ್ಲಿ ಯಾರೋ ಅವರನ್ನು ಊಟಕ್ಕೆ ಎಳೆದುಕೊಂಡು ಹೋದರು. ಸಂಜೆ ಬಂದು ನನ್ನ ಪಕ್ಕದಲ್ಲೇ ದೊಡ್ಡ ದಾಖಲೆ ಪುಸ್ತಕ ತೆರೆದು ಬರೆದರು. ನಾನು ನೋಡಿದೆ. ಹೇಳೋಣವೆಂದರೆ ನನಗೆ ಬಾಯಿಲ್ಲ.

ಆ ವರ್ಷವೇ ಯಾರೋ ಚರ್ಚಿಗೆ ಬೆಳ್ಳಿಯ ಚಿಪ್ಪು ಕಾಣಿಕೆ ಕೊಟ್ಟರು. ಸ್ವಾಮಿಗಳಿಗೂ ವರ್ಗವಾಯಿತು. ಹೊರಡುವಾಗ ನನ್ನನ್ನು ನಿಂಗಾಜಮ್ಮನ ಬುಟ್ಟಿಯಲ್ಲಿಟ್ಟು, "ನಿನ್ ಕರಟ ಸೀಳಿದೆ, ಇದನ್ನಿಟ್ಕೊ," ಎಂದರು. ಹೀಗೆ ನಾನು ಮಲ್ಲಿಗೆಯ ನಡುವೆ ಬಂದು ಬಿದ್ದೆ. ಮೊದಮೊದಲು ಮುನಿಸಿಕೊಂಡೆ. ಆಮೇಲೆ ಆ ಕೈ ಅಭ್ಯಾಸವಾಯಿತು. ಅವಳು ಮಾತ್ರ ಆ ಬರೆದ ಹೆಸರನ್ನು ನೆನೆದು ಆಗಾಗ ಹೆದರುತ್ತಿದ್ದಳು. "ಅದೇನ್ ಬರಕಂಡ್ರೋ, ಎಲ್ಲಿಗ್ ಕಳಿಸಿದ್ರೋ," ಎಂದು ಹೂವು ಕಟ್ಟುತ್ತ ತನ್ನಷ್ಟಕ್ಕೇ ಗೊಣಗುತ್ತಿದ್ದಳು.

ಎಂಟು ವರ್ಷ ಕಳೆದವು. ಮೊನ್ನೆ ಜಸಿಂತ ಪೂಜೆಯಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳಲು ಬೇಕೆಂದು ಜ್ಞಾನಸ್ನಾನದ ಪತ್ರ ಮಾಡಿಸಿಕೊಂಡು ಓಡಿಬಂದಳು. ಬುಟ್ಟಿಯ ಪಕ್ಕ ಕುಳಿತು, ಬೆರಳಿಟ್ಟು ಜೋರಾಗಿ ಓದಿದಳು. ತಂದೆ, ತಾಯಿ. ಜ್ಞಾನತಂದೆ, ಚೌರಪ್ಪ. ಜ್ಞಾನತಾಯಿ, ಪಿಲೋಮಿನ. ಆಮೇಲೆ ತಡೆದಳು.

"ಅಜ್ಜೀ, ಇಲ್ಲಿ ಎಲ್ರುದ್ರಲ್ಲೂ ಫಾದರ್ ಹೆಸ್ರಿರುತ್ತೆ. ನಂದ್ರಲ್ಲಿ ನಿನ್ ಹೆಸ್ರೈತೆ. 'ಜ್ಞಾನಸ್ನಾನ ಕೊಟ್ಟವರು: ನಿಂಗಾಜಮ್ಮ.'"

"ಇನ್ನೊಂದ್ ಸಲ ಓದವ್ವ," ಎಂದಳು ನಿಂಗಾಜಮ್ಮ. ಮಗು ಓದಿತು. "ಇನ್ನೊಂದ್ ಸಲ." ಮತ್ತೆ ಓದಿತು. ಅವಳು ಕಟ್ಟುತ್ತಿದ್ದ ಮಾಲೆ ಜಾರಿತು. ಬಗ್ಗಿದ ಮುಖದಿಂದ ಹನಿಗಳು ನನ್ನೊಳಕ್ಕೇ ಬಿದ್ದವು.

ಎಷ್ಟೋ ನೀರು ಕಂಡಿದ್ದೇನೆ. ಆ ತೊಟ್ಟಿಯ ನೀರಿನಲ್ಲಿ ಮೂವತ್ತು ವರ್ಷ ಹುಡುಕಿದರೂ ಸಿಗದ ಉಪ್ಪು ಇದರಲ್ಲಿತ್ತು. ನಾನು ಸುಮ್ಮನೆ ತುಂಬಿಕೊಂಡು ಕುಳಿತೆ.