ಗಂಡಿನ ಮನೆಯ ಹೆಸರಿನಲ್ಲಿ

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈಯಗಲದ ಲೋಹದ ಡಬ್ಬಿ. ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು, ಅವುಗಳ ಮೇಲೆ ತಾಕದಂತೆ ಓಡಾಡುವ ಸೂಜಿಯಂಥ ಕೈ. ಧೂಳಿನ ಕಣವೂ ಸುಳಿಯದ ಯಾವುದೋ ದೂರದ ಕಾರ್ಖಾನೆಯಲ್ಲಿ ಹುಟ್ಟಿದೆನಂತೆ. ನನಗೆ ತಿಳಿವಳಿಕೆ ಬಂದದ್ದು ಗದಗಿನಲ್ಲಿ, ಮುತ್ತಣ್ಣನವರ ಫೋಟೋ ಸ್ಟುಡಿಯೋದ ಕಂಪ್ಯೂಟರಿನೊಳಗೆ.

ಮುತ್ತಣ್ಣ ಮದುವೆಗಳ ಫೋಟೋ ತೆಗೆಯುತ್ತಿದ್ದರು, ಹೆಂಡತಿ ಪುಷ್ಪಾವತಿ ಆಲ್ಬಂ ಜೋಡಿಸುತ್ತಿದ್ದರು. ಮದುಮಗಳು ತೂಕಡಿಸಿದ ಚಿತ್ರ ಬಂದರೆ, "ಪಾಪ, ಕೂಸಿಗೆ ನಿದ್ದಿಲ್ಲ" ಎಂದು ಮೆಲ್ಲಗೆ ಬದಿಗಿಡುತ್ತಿದ್ದರು. ಮದುವೆಗೊಂದು ಫೋಲ್ಡರ್, ಅದಕ್ಕೆ ಗಂಡಿನ ಮನೆತನದ ಹೆಸರು. ಹೇಳಿ ಮಾಡಿಸುವವರೂ ಅವರೇ, ಆಲ್ಬಂ ಒಯ್ಯುವವರೂ ಅವರೇ. ಅಂಗಡಿಯ ರೂಢಿ ಹಾಗಿತ್ತು.

ವಯಸ್ಸಾಗುತ್ತ ನಾನು ನಿಧಾನವಾದೆ. ಒಂದು ಚಿತ್ರ ತೆರೆಯುವಷ್ಟರಲ್ಲಿ ಪುಷ್ಪಾವತಿ ಚಹಾಕ್ಕೆ ನೀರಿಟ್ಟು ಬರುತ್ತಿದ್ದರು. ಕೊನೆಗೆ ನನ್ನ ಜಾಗಕ್ಕೆ ಹೊಸ ಎಸ್‌ಎಸ್‌ಡಿ ಬಂತು. ಬಿಸ್ಕತ್ತಿನಷ್ಟು ತೆಳ್ಳಗೆ, ಸದ್ದೇ ಇಲ್ಲ. ಆಲ್ಬಂ ಆಗದ ಮದುವೆಗಳನ್ನು ಮುತ್ತಣ್ಣ ಅದಕ್ಕೆ ದಾಟಿಸಿದರು. ಉಳಿದವನ್ನು ಅಳಿಸುವ ಮುನ್ನ ಒಂದೊಂದು ಮನೆಗೂ ಫೋನ್ ಮಾಡಿದರು. ಅಂಥ ಮನುಷ್ಯ ಅವರು.

"ಬಳಿಗೇರ ಮನಿ ಏನ್ರೀ? ಲಗ್ನದ ಫೋಟೋ ಅಳಿಸಾಕತ್ತೇನ್ರಿ. ಬೇಕಾಗಿದ್ವೇನು?"

"ಏನ್ ಬ್ಯಾಡ್ರಿ. ಅಳಸ್ರಿ."

ಹಾಗೆ ಖಾಲಿಯಾದ ನನ್ನನ್ನು ಪ್ಲಾಸ್ಟಿಕ್ ಕವಚದಲ್ಲಿಟ್ಟು, ವಾಯರ್ ಸಿಕ್ಕಿಸಿ, ಪಕ್ಕದ ಸೌಂಡ್ ಸರ್ವಿಸ್‌ನ ಮಾಬುಸಾಬರಿಗೆ ಕೊಟ್ಟರು. ಮೆರವಣಿಗೆಯ ಹಾಡುಗಳು ನನ್ನೊಳಗೆ ಬಂದವು. ನಮ್ಮಲ್ಲಿ ಅಳಿಸುವುದೆಂದರೆ ಬಾಗಿಲ ಮೇಲಿನ ಹೆಸರು ಒರೆಸಿದಂತೆ. ಒಳಗಿನವರು ಅಲ್ಲೇ ಇರುತ್ತಾರೆ, ಹೊಸಬರು ಬಂದು ಕೂತಾಗಲೇ ಇಲ್ಲವಾಗುವುದು. ಒಂದು ಹಾಡು ಬಂದರೆ ಕೆಲವು ಮುಖಗಳು ಹೋಗುತ್ತಿದ್ದವು.

ಒಂದು ಮಧ್ಯಾಹ್ನ ಮತ್ತಷ್ಟು ಹಾಡು ತುಂಬಿಸಲು ಮಾಬುಸಾಬರು ನನ್ನನ್ನು ಸ್ಟುಡಿಯೋಕ್ಕೆ ತಂದಿದ್ದರು. ಹಾಡುಗಳು ಇಳಿಯುತ್ತಿದ್ದಾಗಲೇ ಸಂಗವ್ವ ಎಂಬ ಹಿರಿಯ ಹೆಂಗಸು ಬಂದು ಬಾಗಿಲಲ್ಲಿ ನಿಂತರು.

"ನನ್ನ ಮಗಳು ಶಿವಲೀಲಾಂದು ಒಂದು ಫೋಟೋ ಬೇಕಿತ್ತಪಾ. ಲಗ್ನದಾಗ ನೀನ ತಗದಿದ್ದಿ."

"ಯಾರ ಮನಿಗೆ ಕೊಟ್ಟಿದ್ರಬೇ?"

"ಬಳಿಗೇರ ಮನಿಗೆ."

ಮುತ್ತಣ್ಣ ಮೌಸಿನಿಂದ ಕೈ ತೆಗೆದರು. "ಅವರನ್ನ ಕೇಳೇ ಅಳಿಸೇನಬೇ."

"ನನ್ನನ್ನೂ ಕೇಳಬೇಕಿತ್ತಪಾ." ದನಿಯಲ್ಲಿ ಸಿಟ್ಟಿರಲಿಲ್ಲ.

ಶಿವಲೀಲಾ ಜ್ವರ ಬಂದು ತೀರಿಕೊಂಡಿದ್ದಳು. ಅಳಿಯ ಮತ್ತೆ ಮದುವೆಯಾದ. ಹೊಸ ಸೊಸೆಯ ಕಣ್ಣಿಗೆ ಬೀಳಬಾರದೆಂದು ಆಲ್ಬಂ ಸುಟ್ಟರಂತೆ. ತಾಯಿಯ ಹತ್ತಿರ ಉಳಿದದ್ದು ಗುರುತಿನ ಕಾರ್ಡಿನ ಚಿತ್ರವೊಂದೇ.

"ಅದರಾಗ ಅಕಿ ಕಳ್ಳಿ ಕಂಡಂಗ ಕಾಣ್ತಾಳ. ನನ್ನ ಮಗಳು ನಗಾಕಿ ಇದ್ಲಪಾ."

ಪುಷ್ಪಾವತಿ ಥಟ್ಟನೆ ನನ್ನ ವಾಯರ್ ಕಿತ್ತರು. "ಇನ್ನೊಂದು ಹಾಡೂ ಹಾಕಬ್ಯಾಡ್ರಿ! ಅಳಿಸಿದ್ದು ಒಮ್ಮೊಮ್ಮೆ ಸಿಗತೈತಿ."

"ಇಟ್ಕೊಂಡು ಹುಡಕ್ರಿ ಅಕ್ಕಾರ, ಹಾಡಿಗೇನ್ ಬರ ಬಂದೈತಿ?" ಎಂದ ಮಾಬುಸಾಬರು ಸಂಜೆಯ ಮೆರವಣಿಗೆಗೆ ಹಳೆಯ ಕ್ಯಾಸೆಟ್ಟುಗಳನ್ನೇ ಹೊತ್ತು ಹೋದರು.

ನನಗೆ ಮತ್ತೆ ವಾಯರ್ ಸಿಕ್ಕಿಸಿದರು. ಅಳಿಸಿದ್ದನ್ನು ಹುಡುಕುತ್ತ ಕಂಪ್ಯೂಟರು ನನ್ನ ಮೂಲೆಮೂಲೆಯನ್ನೂ ತಡಕಿತು. ನನ್ನ ಕೈ ಕಟಕಟ ಎನ್ನುತ್ತಿತ್ತು, ಆದರೂ ಇದ್ದುದನ್ನೆಲ್ಲ ಎತ್ತಿ ಕೊಟ್ಟೆ. ಯಾರದೋ ಅಕ್ಷತೆ, ಯಾರದೋ ಪಂಕ್ತಿ, ಎಲೆಯ ಮುಂದೆ ಕೂತ ಯಾರದೋ ಸೋದರಮಾವ. ಸಂಗವ್ವ ಪ್ರತಿಯೊಂದಕ್ಕೂ ಮುಂದೆ ಬಾಗಿ, ಮತ್ತೆ ಹಿಂದೆ ಸರಿಯುತ್ತಿದ್ದರು. ಪುಷ್ಪಾವತಿ ಚಹಾ ತಂದು ಅವರ ಕೈಗೇ ಹಿಡಿಸಿದರು.

ಕಡೆಗೊಂದು ಚಿತ್ರ ತೆರೆಯಿತು. ಬಾಸಿಂಗ, ಹಣೆ, ಎರಡು ಕಣ್ಣು. ಅದರ ಕೆಳಗೆಲ್ಲ ಬರೀ ಬೂದು ಬಣ್ಣ.

"ಇಷ್ಟ ಉಳದೈತಬೇ," ಎಂದರು ಮುತ್ತಣ್ಣ, ತಲೆಯೆತ್ತದೆ.

ಸಂಗವ್ವ ಪರದೆಯ ಹತ್ತಿರ ಬಂದರು. ಬಹಳ ಹೊತ್ತು ನೋಡಿದರು.

"ನಗಾಕತ್ತಾಳ," ಎಂದರು.

ಪುಷ್ಪಾವತಿ ಪ್ರಿಂಟ್ ತೆಗೆದು ಕತ್ತರಿ ಹಿಡಿದರು. "ಕೆಳಗಿನ ಬೂದು ಕತ್ತರಿಸಿ ಕೊಡ್ಲೇನಬೇ?"

"ಬ್ಯಾಡವಾ. ಅಲ್ಲಿ ಅಕಿ ಬಾಯಿ ಐತಿ."

ಈಗ ನಾನು ಸ್ಟುಡಿಯೋದ ಮೇಜಿನ ಖಾನೆಯಲ್ಲಿದ್ದೇನೆ. ಆಮೇಲೆ ಯಾರೂ ನನ್ನ ಮೇಲೆ ಏನನ್ನೂ ಬರೆಯಲಿಲ್ಲ. ಆ ತುಟಿಗಳಿದ್ದ ಜಾಗದಲ್ಲಿ ಯಾವ ಹಾಡು ಕೂತಿದೆ ಎಂಬುದು ನನಗೊಬ್ಬನಿಗೇ ಗೊತ್ತು. ಮದುವೆಯ ದಿನಗಳಲ್ಲಿ ಅದು ಬೀದಿಯಿಂದ ಕೇಳಿಬರುತ್ತದೆ. ಒಳ್ಳೆಯ ಹಾಡು. ಎಲ್ಲರೂ ಕುಣಿಯುತ್ತಾರೆ.